ಐದನೇ ಕ್ಲಾಸಿನ ಮಗು ದಿನಕ್ಕೆ ಎಷ್ಟು ಹೊತ್ತು ಓದಬೇಕು? ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಆರನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ವಸತಿ ಶಾಲೆಗಳಾದ ನವೋದಯ, ಸೈನಿಕ ಶಾಲೆ, ಮೊರಾರ್ಜಿ, ಇವುಗಳ ಪ್ರವೇಶ ಪರೀಕ್ಷೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಶಾಲಾ ಪ್ರವೇಶದ ಪ್ರಶ್ನೆಗಳಿಗೇ ಕೂತಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮಗ ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಚುರುಕಿದ್ದಾನೆ. ನಮ್ಮಣ್ಣ ಅವನನ್ನು ಐದನೇ ತರಗತಿಗೆ ಧಾರವಾಡದ ಒಂದು ನವೋದಯ ಕೋಚಿಂಗ್ ಹಾಸ್ಟೆಲ್‌ಗೆ ಹಾಕಿ ಅಂತ ಹಟ ಹಿಡಿದಿದ್ದಾನೆ. ಹೆಸರು ಊರಿನ ಶಾಲೆಯಲ್ಲೇ ಇರುತ್ತದಂತೆ, ಹುಡುಗ ಮಾತ್ರ ಅಲ್ಲಿರುತ್ತಾನಂತೆ. ಫೀಸು ನಮ್ಮ ಕೈಗೆ ಮೀರಿದ್ದು, ಸಾಲ ಮಾಡಬೇಕು. ಮಾಡೋಣವೇ?
– ತಾಯಿ, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ಬೇಡ ಅಮ್ಮ. ಸಾಲದ ಮಾತು ಆಮೇಲೆ. ಮೊದಲು ನವೋದಯದ ನಿಯಮ ನೋಡಿ, ಯಾಕೆಂದರೆ ನಿಮ್ಮಣ್ಣ ಹೇಳಿದ ದಾರಿಯಲ್ಲಿ ಹೋದರೆ ಹುಡುಗನಿಗೆ ಈಗಾಗಲೇ ಇರುವ ಅನುಕೂಲವೇ ಕೈತಪ್ಪಬಹುದು.

ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀರೋ ಮಗು ಅದೇ ಜಿಲ್ಲೆಯಲ್ಲಿ ವಾಸವಿರಬೇಕು, ಅದೇ ಜಿಲ್ಲೆಯ ಮಾನ್ಯತೆ ಇರುವ ಶಾಲೆಯಲ್ಲಿ ಐದನೇ ತರಗತಿಯನ್ನು ಪೂರ್ತಿ ಓದಬೇಕು. ನಿಮಗೆ ಆಲಮಟ್ಟಿಯ ನವೋದಯ. ಧಾರವಾಡ ಬೇರೆ ಜಿಲ್ಲೆ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನವೋದಯದಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ. ಆದರೆ ಹಳ್ಳಿಯವರು ಅಂತ ಲೆಕ್ಕಕ್ಕೆ ಬರಬೇಕಾದರೆ 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ಪಟ್ಟಣದ ಲೆಕ್ಕಕ್ಕೆ ಹೋಗುತ್ತದೆ. ಅಲ್ಲಿ ಸೀಟು ಕಡಿಮೆ, ನೂಕುನುಗ್ಗಲು ಜಾಸ್ತಿ.

ಹೆಸರು ಊರಲ್ಲೇ ಇರುತ್ತದಲ್ಲ ಅಂತ ನಿಮ್ಮಣ್ಣ ಹೇಳಬಹುದು. ಹೆಸರು ಒಂದು ಕಡೆ, ಹುಡುಗ ಇನ್ನೊಂದು ಕಡೆ ಅನ್ನೋದು ಸುಳ್ಳು ದಾಖಲೆ, ಬೇರೇನಲ್ಲ. ಅದಕ್ಕೆ ಮುಖ್ಯ ಶಿಕ್ಷಕರು ಸಹಿ ಹಾಕಬೇಕು. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆ ಇರುತ್ತದೆ, ಅಲ್ಲಿ ಸಿಕ್ಕಿಬಿದ್ದರೆ ಸೀಟು ಹೋಗುತ್ತದೆ. ಮುಂದಿನ ವರ್ಷ ನೋಡೋಣ ಅನ್ನುವ ಹಾಗೂ ಇಲ್ಲ. ಆರನೇ ತರಗತಿಯ ನವೋದಯ ಪರೀಕ್ಷೆಯನ್ನು ಒಂದು ಮಗು ಜೀವನದಲ್ಲಿ ಒಂದೇ ಸಲ ಬರೆಯಬಹುದು. ಐದನೇ ತರಗತಿಯನ್ನು ಎರಡನೇ ಸಲ ಓದುತ್ತಿರುವ ಮಗು ಅರ್ಜಿಯನ್ನೇ ಹಾಕುವಂತಿಲ್ಲ. ಕೆಲವರು ಬೇಕಂತಲೇ ಒಂದು ವರ್ಷ ಹಿಂದೆ ಕೂರಿಸುತ್ತಾರಲ್ಲ, ಅವರ ಸಮಾಚಾರ ಇಷ್ಟೇ.

ಕೋಚಿಂಗ್‌ನವರ ಫ್ಲೆಕ್ಸ್ ನಾನೂ ನೋಡಿದ್ದೇನೆ. ವಿಜಯಪುರ, ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾಲು ಸಾಲು ಮಕ್ಕಳ ಫೋಟೋ, ಕೆಳಗೆ ಅಂಕ. ಆಯ್ಕೆಯಾಗದೆ ಮನೆಗೆ ವಾಪಸ್ ಬಂದ ಮಕ್ಕಳ ಫೋಟೋ ಯಾರೂ ಹಾಕುವುದಿಲ್ಲ, ಅಲ್ವಾ? ಒಂದು ನವೋದಯದಲ್ಲಿ ಹೆಚ್ಚೆಂದರೆ 80 ಸೀಟು. ಬರೆಯುವವರು ಸಾವಿರಗಟ್ಟಲೆ. ಒಂಬತ್ತು ವರ್ಷದ ಹುಡುಗನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಓಎಂಆರ್ (ಉತ್ತರದ ವೃತ್ತ ತುಂಬುವ ಹಾಳೆ) ತುಂಬಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಹುಡುಗ ಊರಲ್ಲೇ ಇರಲಿ. ನೀವು ಈ ವರ್ಷ ಮಾಡಬೇಕಾದ್ದು ಕಾಗದದ ಕೆಲಸ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ, ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ವಯಸ್ಸಿನ ಮಿತಿ ಕಟ್ಟುನಿಟ್ಟು. 2026ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರ ಒಳಗೆ ಹುಟ್ಟಿದ ಮಕ್ಕಳಿಗಷ್ಟೇ ಅವಕಾಶವಿತ್ತು. ನಿಮ್ಮ ಮಗನ ವರ್ಷಕ್ಕೆ ಯಾವ ದಿನ ಅಂತ ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಜಾತಿ ಪ್ರಮಾಣಪತ್ರ ಬೇಕಾಗುವವರು ನಾಡಕಚೇರಿಗೆ ಈಗಲೇ ಅರ್ಜಿ ಕೊಡಿ. ಜೂನ್‌ನಲ್ಲಿ ಎಲ್ಲರೂ ಅಲ್ಲೇ ಸಾಲು ನಿಂತಿರುತ್ತಾರೆ. ನವೋದಯದ ಅರ್ಜಿಗೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿ ಹಾಕುವುದು. ಸೈಬರ್ ಸೆಂಟರಿನವರು ತಮ್ಮ ಕೂಲಿ ತೆಗೆದುಕೊಳ್ಳಲಿ, ಆದರೆ ಪರೀಕ್ಷಾ ಶುಲ್ಕ ಅಂತ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಮೇಷ್ಟ್ರೇ, ಮಗಳು ಐದನೇ ತರಗತಿ, ಕನ್ನಡ ಮಾಧ್ಯಮ. ದೇವರಹಳ್ಳಿ ನವೋದಯಕ್ಕೆ ಅರ್ಜಿ ಹಾಕಿದ್ದೇವೆ. ನಾನು ಅಂಗನವಾಡಿ ಕೆಲಸ, ಯಜಮಾನರು ಲಾರಿಯಲ್ಲಿ ಇರುತ್ತಾರೆ. ಟ್ಯೂಷನ್ ಇಲ್ಲ. ಈಗ ಜುಲೈ. ದಿನಕ್ಕೆ ಎಷ್ಟು ಗಂಟೆ ಓದಿಸಬೇಕು? ಪಕ್ಕದ ಮನೆಯ ಹುಡುಗ ಮೂರನೇ ತರಗತಿಯಿಂದಲೇ ಶುರು ಮಾಡಿದ್ದಾನೆ, ನಾವು ತಡ ಮಾಡಿದೆವಾ?
– ಚನ್ನಗಿರಿ

ಉತ್ತರ: ತಡ ಏನೂ ಆಗಿಲ್ಲ. ನನ್ನ ಲೆಕ್ಕದಲ್ಲಿ ಇದೇ ಸರಿಯಾದ ಸಮಯ. ಮೂರನೇ ತರಗತಿಯಲ್ಲಿ ಶುರು ಮಾಡಿದ ಮಕ್ಕಳು ಐದನೇ ತರಗತಿಯ ದೀಪಾವಳಿ ಹೊತ್ತಿಗೆ ಆ ಪುಸ್ತಕ ಕಂಡರೆ ಮುಖ ತಿರುಗಿಸುತ್ತಾರೆ.

ಮೊದಲು ಪರೀಕ್ಷೆ ಹೇಗಿದೆ ನೋಡಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅಂದರೆ ಒಂದು ಪ್ರಶ್ನೆಗೆ 1.25 ಅಂಕ. ಮಾನಸಿಕ ಸಾಮರ್ಥ್ಯದ್ದು 40 ಪ್ರಶ್ನೆ, ಅದಕ್ಕೆ 60 ನಿಮಿಷ. ಗಣಿತ 20, ಭಾಷೆ 20, ಅವಕ್ಕೆ ತಲಾ 30 ನಿಮಿಷ. ಲೆಕ್ಕ ಹಾಕಿದರೆ ಒಂದೊಂದಕ್ಕೆ ಒಂದೂವರೆ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಸಿಗುತ್ತದೆ.

ಅರ್ಧ ಪತ್ರಿಕೆ ಬರೀ ಚಿತ್ರಗಳು. ಇದನ್ನು ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲ, ಹಾಗಾಗಿ ಮನೆಯ ಅರ್ಧ ಗಂಟೆ ಇದಕ್ಕೇ ಇರಲಿ. ಗುಂಪಿಗೆ ಸೇರದ ಚಿತ್ರ ಯಾವುದು, ಸಾಲಿನಲ್ಲಿ ಮುಂದೆ ಬರುವುದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಡಿಸಿದರೆ ಹೇಗಿರುತ್ತದೆ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಆಕಾರ ಎಲ್ಲಿದೆ, ಇಂಥವು. ಶುರುವಿನಲ್ಲಿ ಪುಸ್ತಕವೇ ಬೇಡ. ಹಳೇ ಪೇಪರ್ ಕೊಟ್ಟು ಎರಡು ಮಡಿಕೆ ಮಡಚಿಸಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂತು ಮಾಡಿಸಿ. ಬಿಡಿಸುವ ಮೊದಲು ಎಷ್ಟು ತೂತು, ಎಲ್ಲೆಲ್ಲಿ ಅಂತ ಕೇಳಿ. ಗೋಡೆ ಕನ್ನಡಿ ಮುಂದೆ ಅವಳ ಹೆಸರು ಬರೆದ ಹಾಳೆ ಹಿಡಿಸಿ, ಗಡಿಯಾರ ತೋರಿಸಿ. ಒಂದೆರಡು ವಾರ ಕೈಯಲ್ಲಿ ಮಾಡಿದ್ದು ತಲೆಗೆ ಹತ್ತಿದರೆ ಆಮೇಲೆ ಹಾಳೆ ಮೇಲಿನ ಚಿತ್ರ ನೋಡಿ ಕಣ್ಣಲ್ಲೇ ಮಡಚುತ್ತಾಳೆ.

ಈಗ ಟೈಮ್ ಟೇಬಲ್. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅರ್ಧ ಗಂಟೆ ಚಿತ್ರದ ಪ್ರಶ್ನೆ. ತಲೆ ತಣ್ಣಗಿರುವ ಹೊತ್ತು ಅದು. ಸಂಜೆ ಬಂದ ಕೂಡಲೇ ಕೂರಿಸಬೇಡಿ, ತಿನ್ನಲಿ, ಆಡಲಿ. ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಗಣಿತ. ರಾತ್ರಿ ಊಟದ ಮುಂಚೆ ಹತ್ತು ನಿಮಿಷ ದಿನಪತ್ರಿಕೆಯ ಒಂದು ಸುದ್ದಿ ಜೋರಾಗಿ ಓದಿಸಿ. ನೀವು ಸೊಪ್ಪು ಬಿಡಿಸುತ್ತಾ ಎರಡು ಪ್ರಶ್ನೆ ಕೇಳಿ. ಭಾಷೆಯ 20 ಪ್ರಶ್ನೆಗೆ ಇದಕ್ಕಿಂತ ಒಳ್ಳೆ ತಯಾರಿ ಇಲ್ಲ, ಯಾಕೆಂದರೆ ಅಲ್ಲಿ ಕೇಳುವುದು ಒಂದು ಗದ್ಯಭಾಗ ಕೊಟ್ಟು ಅದರಲ್ಲೇನಿದೆ ಅಂತ. ಒಟ್ಟು ಒಂದು ಗಂಟೆ ಹತ್ತು ನಿಮಿಷ ಆಯಿತು. ಇದಕ್ಕಿಂತ ಜಾಸ್ತಿ ಬೇಡ. ಶಾಲೆಯ ಹೋಮ್‌ವರ್ಕ್ ಬೇರೆ ಇರುತ್ತದೆ. ವಾರದಲ್ಲಿ ಒಂದು ಸಂಜೆ ಪೂರ್ತಿ ರಜೆ ಕೊಡಿ.

ಗಣಿತದಲ್ಲಿ ಹೊಸದು ಹುಡುಕಬೇಡಿ. ಐದನೇ ತರಗತಿಯ ಪುಸ್ತಕ ಗಟ್ಟಿಯಾದರೆ ಮುಕ್ಕಾಲು ಪಾಲು ಮುಗಿಯಿತು. ಮಗ್ಗಿ ಮೊದಲು. ಆಮೇಲೆ ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಸುತ್ತಳತೆ, ವಿಸ್ತೀರ್ಣ, ಕಾಲ ಮತ್ತು ಹಣದ ಲೆಕ್ಕ. ಶೇಕಡಾ, ಲಾಭ ನಷ್ಟ ಮಾತ್ರ ಶಾಲೆಯಲ್ಲಿ ತಡವಾಗಿ ಬರಬಹುದು, ಶಾಲೆಯ ಮೇಡಂಗೆ ಒಂದು ಮಾತು ಹೇಳಿ ಮೊದಲೇ ತಿಳಿದುಕೊಳ್ಳಲಿ. ನನಗೆ ಗೊತ್ತಿರುವ ಮಟ್ಟಿಗೆ ಸರ್ಕಾರಿ ಶಾಲೆಯ ಶಿಕ್ಷಕರು ಹೀಗೆ ಕೇಳಿದರೆ ಖುಷಿಯಿಂದಲೇ ಹೇಳಿಕೊಡುತ್ತಾರೆ. ಕೇಳುವವರೇ ಕಡಿಮೆ.

ದಸರಾ ರಜೆ ನಿಮಗೆ ಚಿನ್ನದಂಥ ಕಾಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ, ಹೋಮ್‌ವರ್ಕ್ ಕಡಿಮೆ. ಅಲ್ಲಿಂದ ವಾರಕ್ಕೊಂದು ಪೂರ್ತಿ ಹಳೇ ಪ್ರಶ್ನೆಪತ್ರಿಕೆ ಮಾಡಿಸಿ. ಭಾನುವಾರ, ಸರಿಯಾಗಿ 11:30ಕ್ಕೆ ಕೂತು 1:30ಕ್ಕೆ ಏಳಬೇಕು. ನವೋದಯ ಪರೀಕ್ಷೆಯ ಸಮಯವೇ ಅದು. ಹಳ್ಳಿ ಮಕ್ಕಳಿಗೆ ಅದು ಹಸಿವಾಗುವ ಹೊತ್ತು. ಆ ಹೊತ್ತಿನಲ್ಲಿ ಕೂತು ಅಭ್ಯಾಸವಿಲ್ಲದ ಮಗು ಕೊನೆಯ ಅರ್ಧ ಗಂಟೆ ಕಿಟಕಿ ನೋಡುತ್ತಾ ಕಳೆಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಗಟ್ಟಿಯಾಗಿ ತಿಂಡಿ ಕೊಟ್ಟು ನೋಡಿ, ಯಾವ ತಿಂಡಿ ತಿಂದರೆ ನಿದ್ದೆ ಬರಲ್ಲ ಅನ್ನೋದೂ ಗೊತ್ತಾಗುತ್ತದೆ.

ಓಎಂಆರ್ ಹಾಳೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಇಲ್ಲೇ. ಮಗು 23ನೇ ಪ್ರಶ್ನೆ ಬಿಟ್ಟು 24ಕ್ಕೆ ಹೋಗುತ್ತದೆ, ಆದರೆ ಹಾಳೆಯಲ್ಲಿ 23ರ ಸಾಲಿನಲ್ಲೇ ವೃತ್ತ ತುಂಬುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಸರಿದುಹೋಗುತ್ತದೆ. ಬಾಲ್ ಪೆನ್ನಿನಲ್ಲಿ ತುಂಬುವುದು, ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಒಂದೊಂದು ವೃತ್ತ ತುಂಬುವಾಗಲೂ ಪ್ರಶ್ನೆಯ ಸಂಖ್ಯೆಯನ್ನು ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳಲು ಕಲಿಸಿ. ಎಡಗೈ ಬೆರಳು ಆ ಸಾಲಿನ ಮೇಲಿರಲಿ. ಖಾಲಿ ಓಎಂಆರ್ ಹಾಳೆಯ ನೆರಳಚ್ಚು ಒಂದಷ್ಟು ತೆಗೆಸಿಟ್ಟುಕೊಳ್ಳಿ, ದುಬಾರಿ ಗೈಡಿಗಿಂತ ಅದು ಉಪಯೋಗ. ಕೊನೆಯ ಐದು ನಿಮಿಷದಲ್ಲಿ ಬಿಟ್ಟುಹೋದ ಪ್ರಶ್ನೆಗಳಿಗೂ ಏನಾದರೊಂದು ತುಂಬಿಬಿಡಲಿ. ಅಂಕ ಕಳೆಯಲ್ಲ ಅಂದಮೇಲೆ ಖಾಲಿ ಯಾಕೆ ಬಿಡಬೇಕು?

ದಿನಾಂಕದ ವಿಷಯದಲ್ಲಿ ಒಂದು ಎಚ್ಚರ. 2025ರ ಪ್ರವೇಶಕ್ಕೆ ನಮ್ಮ ರಾಜ್ಯದಲ್ಲಿ ಪರೀಕ್ಷೆ ಜನವರಿ 18ರಂದು ನಡೆಯಿತು. ಅದರ ಮುಂದಿನ ಪ್ರವೇಶಕ್ಕೆ 2025ರ ಡಿಸೆಂಬರ್ 13ರಂದೇ ಆಯಿತು. ಒಂದು ತಿಂಗಳಿಗಿಂತ ಜಾಸ್ತಿ ಮುಂಚೆ! ಸಂಕ್ರಾಂತಿವರೆಗೆ ಸಮಯ ಇದೆ ಅಂತ ಕೂತವರು ಪರದಾಡಿದರು. ನೀವು ಡಿಸೆಂಬರ್ ಮೊದಲ ವಾರಕ್ಕೆ ಎಲ್ಲ ಮುಗಿಯುವ ಹಾಗೆ ಹಾಕಿಕೊಳ್ಳಿ. ಮುಂದೆ ಹೋದರೆ ಒಳ್ಳೆಯದೇ.

ಕೊನೆಯ ವಾರ ಹೊಸದೇನೂ ಬೇಡ. ರಾತ್ರಿ ಒಂಬತ್ತಕ್ಕೆ ಮಲಗಲಿ. ಯಜಮಾನರು ಲಾರಿಯಿಂದ ಆ ದಿನಕ್ಕೆ ಬರುವುದಾದರೆ ಬರಲಿ, ಮಗಳಿಗೆ ಧೈರ್ಯ. ಆದರೆ ಕೇಂದ್ರದ ಬಾಗಿಲಲ್ಲಿ ನಿಂತು ಮಗ್ಗಿ ಕೇಳುವುದು ಮಾತ್ರ ಬೇಡ.

ಪ್ರಶ್ನೆ: ಸರ್, ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ, ಆದರ್ಶ, ನಾಲ್ಕಕ್ಕೂ ಮಗನಿಂದ ಬರೆಸಬೇಕು ಅಂತ ಇದ್ದೇನೆ. ಒಂದೇ ಓದಿನಲ್ಲಿ ಎಲ್ಲ ಆಗುತ್ತದಾ? ದಿನಾಂಕಗಳು ಒಂದರ ಮೇಲೊಂದು ಬಂದರೆ?
– ಗೋಕಾಕ

ಉತ್ತರ: ದಿನಾಂಕಗಳು ಸಾಮಾನ್ಯವಾಗಿ ಡಿಕ್ಕಿ ಹೊಡೆಯಲ್ಲ. ನವೋದಯ ಡಿಸೆಂಬರ್ ಅಥವಾ ಜನವರಿ. ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್ ವಸತಿ ಶಾಲೆಗಳಿಗೆಲ್ಲ ಸೇರಿ ಒಂದೇ ಪರೀಕ್ಷೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದು ಮತ್ತು ಆದರ್ಶ ವಿದ್ಯಾಲಯದ್ದು ಹೆಚ್ಚಾಗಿ ಆಮೇಲೆ, ಶಾಲಾ ವರ್ಷದ ಕೊನೆಯ ಭಾಗದಲ್ಲಿ. ಸೈನಿಕ ಶಾಲೆಯದ್ದು ಮಾತ್ರ ನಂಬುವ ಹಾಗಿಲ್ಲ. 2025ರಲ್ಲಿ ಏಪ್ರಿಲ್ 5ಕ್ಕೆ ಆಗಿತ್ತು, 2026ರಲ್ಲಿ ಜನವರಿ 18ಕ್ಕೇ ಬಂತು.

ಓದಿನ ವಿಷಯಕ್ಕೆ ಬಂದರೆ, ಮೊರಾರ್ಜಿ ಮತ್ತು ಆದರ್ಶ ಐದನೇ ತರಗತಿಯ ಪಠ್ಯದ ಮೇಲೆ ನಿಂತಿವೆ. ಶಾಲೆಯ ಓದು ಸರಿಯಾಗಿದ್ದರೆ ಸಾಕು. ನವೋದಯಕ್ಕೆ ಚಿತ್ರಗಳ ಅಭ್ಯಾಸ ಸೇರಿಸಿಕೊಳ್ಳಬೇಕು, ಮೇಲೆ ಬರೆದಿದ್ದೇನೆ. ಸೈನಿಕ ಶಾಲೆ ಬೇರೆಯೇ ಆಟ. ಎರಡೂವರೆ ಗಂಟೆ, 125 ಪ್ರಶ್ನೆ, 300 ಅಂಕ. ಅದರಲ್ಲಿ ಗಣಿತಕ್ಕೇ 150. ಉಳಿದ 150ರಲ್ಲಿ ಬುದ್ಧಿಶಕ್ತಿ, ಭಾಷೆ, ಸಾಮಾನ್ಯ ಜ್ಞಾನ ತಲಾ 50. ಕನ್ನಡದಲ್ಲೂ ಬರೆಯಬಹುದು. ಗಣಿತದಲ್ಲಿ ನಿಮ್ಮ ಮಗ ನಿಜಕ್ಕೂ ಗಟ್ಟಿ ಇದ್ದರೆ ಮಾತ್ರ ಅತ್ತ ನೋಡಿ. ಸುಮ್ನೆ ಒಂದು ಅರ್ಜಿ ಇರಲಿ ಅಂತ ಹಾಕಬೇಡಿ. ಅರ್ಜಿಗೆ ಶುಲ್ಕ ಇದೆ, ಲಿಖಿತ ಪರೀಕ್ಷೆ ಪಾಸಾದ ಮೇಲೆ ವೈದ್ಯಕೀಯ ಪರೀಕ್ಷೆಯೂ ಇದೆ. ಕಣ್ಣಿನ ತೊಂದರೆ ಏನಾದರೂ ಇದೆಯಾ ಅಂತ ಮೊದಲೇ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ, ಇಲ್ಲದಿದ್ದರೆ ಒಂದು ವರ್ಷದ ಓದು ಅಲ್ಲಿ ಬಂದು ನಿಲ್ಲುತ್ತದೆ. ವಿಜಯಪುರದ್ದು 1963ರಿಂದ ಇರುವ ಶಾಲೆ, ಕೊಡಗಿನ ಕೂಡಿಗೆಯದ್ದು 2007ರದ್ದು. ಎರಡರ ವಾರ್ಷಿಕ ಫೀಸನ್ನೂ ಅರ್ಜಿ ಹಾಕುವ ಮೊದಲೇ ವಿಚಾರಿಸಿ. ನವೋದಯದ ಹಾಗೆ ಊಟ, ವಸತಿ, ಪುಸ್ತಕ ಎಲ್ಲ ಉಚಿತ ಅಂದುಕೊಂಡು ಹೋದವರು ಫೀಸು ಕೇಳಿ ವಾಪಸ್ ಬಂದಿದ್ದಾರೆ.

ನನ್ನ ಸಲಹೆ ಕೇಳಿದರೆ ನವೋದಯ ಮತ್ತು ಮೊರಾರ್ಜಿ, ಇವೆರಡು ಸಾಕು. ಜೊತೆಗೆ ನಿಮ್ಮ ತಾಲ್ಲೂಕಿನಲ್ಲಿ ಆದರ್ಶ ವಿದ್ಯಾಲಯ ಇದ್ದರೆ ಅದು. ರಾಜ್ಯದಲ್ಲಿ ಇಂಥವು 74 ಇವೆ, ಇಂಗ್ಲಿಷ್ ಮಾಧ್ಯಮ, ಮಗು ದಿನಾ ಮನೆಗೆ ಬರುತ್ತದೆ. ಈ ಶಾಲೆಯನ್ನು ಜನ ಯಾಕೋ ಕೊನೆಯ ಆಯ್ಕೆ ಅಂತ ನೋಡುತ್ತಾರೆ. ಹತ್ತು ವರ್ಷದ ಮಗು ಮನೆಯಲ್ಲೇ ಉಳಿದು ಒಳ್ಳೆ ಶಾಲೆಗೆ ಹೋಗುವುದಾದರೆ ಅದೇ ಮೊದಲ ಆಯ್ಕೆ ಆಗಬೇಕಲ್ವಾ?

ಪ್ರಶ್ನೆ: ನಮ್ಮ ಮಗಳಿಗೆ ಮೂರೂವರೆ ವರ್ಷ. ಬೆಂಗಳೂರಿನ ಒಂದು ಹೆಸರಾಂತ ಶಾಲೆಯಲ್ಲಿ ಎಲ್‌ಕೆಜಿಗೆ ‘ಮಾತುಕತೆ’ ಇದೆ. ಬಣ್ಣ, ಆಕಾರ, ಪದ್ಯ ಎಲ್ಲ ಕೇಳುತ್ತಾರಂತೆ. ಅದಕ್ಕೇ ತಯಾರಿ ಕೊಡುವ ಕ್ಲಾಸು ನಮ್ಮ ಏರಿಯಾದಲ್ಲಿ ಶುರುವಾಗಿದೆ. ಸೇರಿಸಲಾ?
– ಜೆ.ಪಿ. ನಗರ

ಉತ್ತರ: ಸೇರಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವುದೇ ತಪ್ಪು. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000ವರೆಗೆ. ಅದಕ್ಕೇ ಶಾಲೆಗಳು ಪರೀಕ್ಷೆ ಅನ್ನದೆ ‘ಮಾತುಕತೆ’ ಅನ್ನುತ್ತವೆ. ಕಾಯ್ದೆ ಇದ್ದೂ ಇದು ನಡೆಯುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಾಗಂತ ಮೂರೂವರೆ ವರ್ಷದ ಕೂಸಿಗೆ ಸಂದರ್ಶನದ ತರಬೇತಿಯೇ? ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮವೂ ರಾಜ್ಯದಲ್ಲಿ ಬಂದಿದೆ. ಅಂದರೆ ನಿಮಗೇನೂ ಅವಸರವಿಲ್ಲ. ಆ ಕ್ಲಾಸಿನ ದುಡ್ಡಿನಲ್ಲಿ ಚಿತ್ರದ ಪುಸ್ತಕ ತಂದು ಕೊಡಿ. ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗಿ. ‘ಮಾತುಕತೆ’ಗೆ ಹೋಗಲೇಬೇಕು ಅಂದರೆ ಮಗು ನಿದ್ದೆ ಮಾಡುವ ಸಮಯ ಬಿಟ್ಟು ಬೇರೆ ಸಮಯ ಕೇಳಿ ತೆಗೆದುಕೊಳ್ಳಿ, ಅಷ್ಟು ಸಾಕು.

ಪ್ರಶ್ನೆ: ಮೇಷ್ಟ್ರೇ, ನಾವು ಇಂಗ್ಲೆಂಡಿನ ಸ್ಲೌನಲ್ಲಿ ಇದ್ದೇವೆ. ಮಗ ಇಯರ್ ಫೈವ್. ಸೆಪ್ಟೆಂಬರ್‌ನಲ್ಲಿ ಗ್ರಾಮರ್ ಶಾಲೆಯ ಇಲೆವೆನ್ ಪ್ಲಸ್ ಪರೀಕ್ಷೆ. ಬೇಸಿಗೆ ರಜೆಯಲ್ಲಿ ಆರು ವಾರ ಮೈಸೂರಿಗೆ ಬರುವುದು ಅಂತ ಟಿಕೆಟ್ ಮಾಡಿಸಿದ್ದೆವು. ಇಲ್ಲಿನ ಗೆಳೆಯರೆಲ್ಲ ‘ಹುಚ್ಚಾ ನಿಮಗೆ’ ಅನ್ನುತ್ತಿದ್ದಾರೆ. ಅತ್ತೆ ಮಾವ ಮೊಮ್ಮಗನ ದಾರಿ ಕಾಯುತ್ತಿದ್ದಾರೆ. ರದ್ದು ಮಾಡಬೇಕಾ?
– ಸ್ಲೌ

ಉತ್ತರ: ರದ್ದು ಬೇಡ, ಆರು ವಾರವನ್ನು ನಾಲ್ಕಕ್ಕೆ ಇಳಿಸಿ.

ಇಲ್ಲಿನ ಓದುಗರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಗ್ರಾಮರ್ ಶಾಲೆ ಅಂದರೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸರ್ಕಾರಿ ಶಾಲೆ, ಫೀಸು ಇಲ್ಲ. ಇಡೀ ದೇಶದಲ್ಲಿ 163 ಇವೆ, ಕೆಲವೇ ಜಿಲ್ಲೆಗಳಲ್ಲಿ. ನಮ್ಮ ನವೋದಯದ ವಯಸ್ಸಿನಲ್ಲೇ ಪರೀಕ್ಷೆ, ಇಂಗ್ಲಿಷ್, ಗಣಿತದ ಜೊತೆಗೆ ಚಿತ್ರದ ಪ್ರಶ್ನೆಗಳು ಅಲ್ಲೂ ಇವೆ. ಚನ್ನಗಿರಿಯ ಹುಡುಗಿಗೂ ಸ್ಲೌನ ಹುಡುಗನಿಗೂ ಮಡಚಿದ ಕಾಗದವೇ ಗತಿ!

ನಿಮ್ಮ ವಿಷಯಕ್ಕೆ ಬರೋಣ. ಮೊದಲು ಹೆಸರು ನೋಂದಣಿ. ಬೇಸಿಗೆ ರಜೆ ಶುರುವಾಗುವ ಮೊದಲೇ ಅದು ಮುಗಿದುಹೋಗುವ ಪ್ರದೇಶಗಳಿವೆ, ಆಗಿದೆಯಾ ನೋಡಿಕೊಳ್ಳಿ. ಜುಲೈ ಕೊನೆಗೆ ಬಂದು ಆಗಸ್ಟ್ 20ರ ಒಳಗೆ ವಾಪಸ್ ಹೋಗಿ. ನಿದ್ದೆಯ ಹೊತ್ತು ಸರಿಹೋಗಲು ವಾರ ಬೇಕು, ಇಲ್ಲಿನ ನೀರು ಬದಲಾವಣೆಗೆ ಹೊಟ್ಟೆ ಕೆಟ್ಟರೆ ಇನ್ನೊಂದು ವಾರ. ಮೈಸೂರಿನಲ್ಲಿ ಇರುವಷ್ಟು ದಿನ ಬೆಳಿಗ್ಗೆ ತಿಂಡಿಗೆ ಮುಂಚೆ ನಲವತ್ತು ನಿಮಿಷ ಕೂತರೆ ಸಾಕು, ಆಮೇಲೆ ಪುಸ್ತಕ ಒಳಗಿಡಿ. ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಅಂತ ಊರೂರು ಸುತ್ತಿಸಿದರೆ ಈ ನಲವತ್ತು ನಿಮಿಷವೂ ಸಿಗಲ್ಲ. ಅದನ್ನು ಮಾತ್ರ ಅತ್ತೆಯವರಿಗೆ ಫೋನಿನಲ್ಲೇ ಹೇಳಿಬಿಡಿ.

ಮಗ ಜುಲೈ ಅಥವಾ ಆಗಸ್ಟ್‌ನಲ್ಲಿ ಹುಟ್ಟಿದವನಾ? ಹಾಗಿದ್ದರೂ ಚಿಂತೆ ಬೇಡ. ಅಲ್ಲಿ ಅಂಕವನ್ನು ವಯಸ್ಸಿಗೆ ತಕ್ಕಂತೆ ಸರಿಹೊಂದಿಸುತ್ತಾರೆ. ಈ ಒಂದು ವಿಷಯ ನಮ್ಮವರೂ ಕಲಿಯಬಹುದು. ನಮ್ಮ ನವೋದಯದಲ್ಲಿ ಎರಡು ವರ್ಷ ಅಂತರವಿರುವ ಮಕ್ಕಳೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳುತ್ತಾರೆ. ಫಲಿತಾಂಶ ಅಕ್ಟೋಬರ್‌ನಲ್ಲಿ ಬರುತ್ತದೆ, ಪ್ರೌಢಶಾಲೆಗೆ ಅರ್ಜಿ ಹಾಕಲು ಅಕ್ಟೋಬರ್ 31 ಕೊನೆ. ಅರ್ಜಿಯಲ್ಲಿ ಮಾಮೂಲಿ ಶಾಲೆಯೊಂದನ್ನೂ ತಪ್ಪದೆ ಬರೆಯಿರಿ. ಎಲ್ಲ ಸಾಲಿನಲ್ಲೂ ಗ್ರಾಮರ್ ಶಾಲೆಯನ್ನೇ ತುಂಬಿ, ಸಿಗದೆ, ಆಮೇಲೆ ಎಲ್ಲೋ ದೂರದ ಶಾಲೆ ಬಂತು ಅಂತ ಅಳುವುದು ಬೇಡ.

ಪ್ರಶ್ನೆ: ಮೊಮ್ಮಗಳು ನವೋದಯ ಬರೆಯುತ್ತಾಳೆ, ಚೆನ್ನಾಗಿ ಓದುತ್ತಾಳೆ. ಆದರೆ ‘ಆಯ್ಕೆಯಾದರೆ ನಾನು ಹಾಸ್ಟೆಲಿಗೆ ಹೋಗಲ್ಲ’ ಅಂತ ರಾತ್ರಿ ನನ್ನ ಹತ್ತಿರ ಮಲಗಿಕೊಂಡು ಅಳುತ್ತಾಳೆ. ಮಗ ಸೊಸೆಗೆ ಹೇಳಿದರೆ ‘ನೀವು ಸುಮ್ಮನಿರಿ ಅಮ್ಮ’ ಅನ್ನುತ್ತಾರೆ.
– ಅಜ್ಜಿ, ಶಿರಸಿ

ಉತ್ತರ: ಅಜ್ಜಿ, ನೀವು ಸುಮ್ಮನಿರಬೇಡಿ. ಈ ಪುಟವನ್ನು ಮಗನಿಗೆ ಓದಲು ಕೊಡಿ.

ಮುಂಡಗೋಡಿನ ನವೋದಯ ನಿಮಗೆ ಹತ್ತಿರವೇ. ಪರೀಕ್ಷೆಗೆ ಮೊದಲೇ ಒಂದು ದಿನ, ಶಾಲೆಯವರ ಅನುಮತಿ ಕೇಳಿಕೊಂಡು ಮಗಳನ್ನು ಕರೆದುಕೊಂಡು ಹೋಗಲಿ. ಮಲಗುವ ಕೋಣೆ, ಊಟದ ಮನೆ, ಆಟದ ಮೈದಾನ ನೋಡಲಿ. ಆರನೇ ತರಗತಿಯ ಹುಡುಗಿಯರ ಜೊತೆ ಸ್ವಲ್ಪ ಹೊತ್ತು ಬಿಡಲಿ, ದೊಡ್ಡವರು ದೂರ ನಿಲ್ಲಲಿ. ಮಕ್ಕಳು ಮಕ್ಕಳ ಹತ್ತಿರ ನಿಜ ಮಾತಾಡುತ್ತಾರೆ. ಎಷ್ಟೋ ಸಲ ಭಯ ಇರುವುದು ಹಾಸ್ಟೆಲಿನದ್ದಲ್ಲ. ಕತ್ತಲೆಯದ್ದೋ, ಶೌಚಾಲಯ ದೂರ ಇರುತ್ತದಂತೆ ಅನ್ನುವುದೋ, ಜಡೆ ಹಾಕಿಕೊಳ್ಳಲು ಬರಲ್ಲ ಅನ್ನುವುದೋ. ಕೇಳಿದರೆ ಹೇಳುತ್ತಾಳೆ. ಜಡೆ ನೀವೇ ಕಲಿಸಿ.

ನೋಡಿ ಬಂದ ಮೇಲೂ ಬೇಡ ಅಂದರೆ ಕಳಿಸಬಾರದು. ಇದು ನನ್ನ ಖಚಿತ ಅಭಿಪ್ರಾಯ, ಒಪ್ಪದವರು ಬಹಳ ಮಂದಿ ಇದ್ದಾರೆ ಅಂತಲೂ ಗೊತ್ತು. ಅಳುತ್ತಾ ಹೋದವರು ಮೂರು ತಿಂಗಳಲ್ಲಿ ಹೊಂದಿಕೊಂಡಿದ್ದೂ ಇದೆ, ಟಿಸಿ ತೆಗೆಸಿಕೊಂಡು ವಾಪಸ್ ಬಂದಿದ್ದೂ ಇದೆ. ಇನ್ನೊಂದು ವಿಷಯ ಮಗ ಸೊಸೆಗೆ ತಿಳಿದಿರಲಿ. ನವೋದಯದಲ್ಲಿ ಒಂಬತ್ತನೇ ತರಗತಿಯಲ್ಲಿ ಒಂದಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ನನಗೆ ಅದು ಬಹಳ ಒಳ್ಳೆ ವ್ಯವಸ್ಥೆ ಅನ್ನಿಸುತ್ತದೆ, ಆದರೆ ಮುಂಡಗೋಡು ದೂರ ಅಂತ ಅಳುವ ಮಗುವಿಗೆ ಅದನ್ನು ಈಗ ಹೇಳಬೇಡಿ. ಈಗ ಹೋಗದಿದ್ದರೆ ಬಾಗಿಲು ಪೂರ್ತಿ ಮುಚ್ಚಿತು ಅಂತಲೂ ಇಲ್ಲ. ಖಾಲಿ ಉಳಿದ ಸೀಟುಗಳಿಗೆ 9ನೇ ತರಗತಿಗೂ 11ನೇ ತರಗತಿಗೂ ಬೇರೆ ಪರೀಕ್ಷೆ ಇರುತ್ತದೆ. ಹದಿಮೂರು ವರ್ಷಕ್ಕೆ ತಾನೇ ಕೇಳಿಕೊಂಡು ಬರೆಯಬಹುದು.

ಪ್ರಶ್ನೆ: ಪರೀಕ್ಷೆ ದಿನ ಜ್ವರ ಬಂದರೆ ಇನ್ನೊಂದು ದಿನ ಬರೆಯಲು ಬಿಡುತ್ತಾರಾ?
– ಹಾಸನ

ಉತ್ತರ: ನವೋದಯದಲ್ಲಿ ಬಿಡುವುದಿಲ್ಲ. ಸಾಧಾರಣ ನೆಗಡಿ, ಮೈ ಬಿಸಿ ಇದ್ದರೆ ಡಾಕ್ಟರನ್ನು ಕೇಳಿ, ಕಳಿಸಬಹುದು ಅಂದರೆ ಕಳಿಸಿ. ತೂಕಡಿಸುವ ಔಷಧಿ ಅಲ್ಲ ತಾನೇ ಅಂತಲೂ ಕೇಳಿ. ಮೈ ಸುಡುತ್ತಿದ್ದರೆ ಮನೆಯಲ್ಲಿ ಮಲಗಲಿ. ಪರೀಕ್ಷೆಯ ಹಿಂದಿನ ಹತ್ತು ದಿನ ಜಾತ್ರೆ, ಮದುವೆ, ಐಸ್‌ಕ್ರೀಮ್ ತಪ್ಪಿಸಿ. ಮನೆಯವರೂ ತಪ್ಪಿಸಿ. ನೆಗಡಿ ತರುವವರು ಹೆಚ್ಚಾಗಿ ನಾವೇ.

ಪ್ರಶ್ನೆ: ಸೈಬರ್‌ನವರು ನವೋದಯ ಅರ್ಜಿಯಲ್ಲಿ ಪರೀಕ್ಷೆಯ ಮಾಧ್ಯಮ ಇಂಗ್ಲಿಷ್ ಅಂತ ಹಾಕಿಬಿಟ್ಟಿದ್ದಾರೆ. ಮಗ ಕನ್ನಡ ಮಾಧ್ಯಮ. ಈಗೇನು ಮಾಡುವುದು?
– ಸಿಂಧನೂರು

ಉತ್ತರ: ಅರ್ಜಿ ಹಾಕುವ ಕೊನೆಯ ದಿನ ಮುಗಿದ ಮೇಲೆ ಒಂದೆರಡು ದಿನ ತಿದ್ದುಪಡಿಗೆ ಅವಕಾಶ ಕೊಡುತ್ತಾರೆ. ಮಾಧ್ಯಮ, ಹುಡುಗ ಹುಡುಗಿ, ಮೀಸಲಾತಿ, ಹಳ್ಳಿ ಪಟ್ಟಣ, ಇವುಗಳನ್ನು ಆಗ ಸರಿಮಾಡಬಹುದು. ದಿನಾ ಒಂದು ಸಲ ನವೋದಯದ ಜಾಲತಾಣ ನೋಡುತ್ತಿರಿ. ನೋಂದಣಿ ಸಂಖ್ಯೆ ಇರುವ ಹಾಳೆ ನಿಮ್ಮ ಹತ್ತಿರವೇ ಇರಲಿ, ಸೈಬರ್‌ನವರ ಮೊಬೈಲಿನಲ್ಲಲ್ಲ. ಆ ದಿನಗಳೂ ದಾಟಿಹೋಗಿದ್ದರೆ ಆಲಸ್ಯ ಮಾಡದೆ ನಿಮ್ಮ ಜಿಲ್ಲೆಯ ನವೋದಯದ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಅದರ ನಡುವೆ ಮಗನನ್ನು ಹೆದರಿಸಬೇಡಿ. 40 ಪ್ರಶ್ನೆ ಹೇಗೂ ಚಿತ್ರಗಳೇ, ಅವಕ್ಕೆ ಮಾಧ್ಯಮದ ತೊಂದರೆ ಇಲ್ಲ. ಗಣಿತದ ಇಂಗ್ಲಿಷ್ ಪದಗಳು, ಅಂದರೆ ಎಲ್‌ಸಿಎಂ, ಏರಿಯಾ, ಪೆರಿಮೀಟರ್, ಪ್ರಾಫಿಟ್, ಇಂಥವು ಐವತ್ತು ಅರವತ್ತು ಇರಬಹುದು. ದಿನಕ್ಕೆ ಮೂರರಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಒಂದೊಂದರ ಪಕ್ಕಕ್ಕೂ ಅದೇ ಜಾತಿಯ ಒಂದು ಲೆಕ್ಕ ಮಾಡಿಸಿ. ಮನವಿ ಫಲಿಸಿದರೆ ಒಳ್ಳೆಯದು, ಇಲ್ಲದಿದ್ದರೂ 60 ಪ್ರಶ್ನೆಗೆ ಅವನು ತಯಾರಿರುತ್ತಾನೆ.